ಕರೆದರೆ ಏಳದ ಸರಸ್ವತಮ್ಮ

ರೋಗಿಯ ಮೇಲೆ ತಾವೇ ಬರೆದ ದೂರಿನ ಕಾಗದವನ್ನು ಅದೇ ರೋಗಿಯ ಕೈಗೆ ಕೊಟ್ಟು, "ಹೋಗ್ತಾ ಅಂಚೆ ಡಬ್ಬಿಗೆ ಹಾಕ್ಬಿಡಮ್ಮ" ಎಂದ ಮನೋವೈದ್ಯರು ಈ ಭೂಮಿಯ ಮೇಲೆ ಬಹುಶಃ ಒಬ್ಬರೇ. ಅವರು ದುರ್ಗಿಗುಡಿಯ ಡಾಕ್ಟರ್ ತ್ರಿವಿಕ್ರಮ. ಇದು ನಡೆದದ್ದು 1992ರ ಜುಲೈ ತಿಂಗಳ ಒಂದು ಮಂಗಳವಾರ. ಆ ಹೆಂಗಸು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಮೆಟ್ಟಿಲಿಳಿದರು, ಡಬ್ಬಿಗೆ ಹಾಕಿದರು, ಬಸ್ಸು ಹತ್ತಿ ಭದ್ರಾವತಿಗೆ ಹೋದರು.

ಕಾಗದದಲ್ಲಿ ಇದ್ದದ್ದು ಇಷ್ಟು: "ತಾವು ಪರೀಕ್ಷೆಗೆಂದು ನಮ್ಮಲ್ಲಿಗೆ ಕಳಿಸಿದ ಸರಸ್ವತಿ ಎಂಬ ನಿರಾಶ್ರಿತ ಮಹಿಳೆ ನಾಲ್ಕು ವಾರಗಳಿಂದ ಒಂದು ದಿನವೂ ಹಾಜರಾಗಿರುವುದಿಲ್ಲ." ಹೋಗಬೇಕಾಗಿದ್ದದ್ದು ಹೊರದೇಶದವರ ಹೆಸರು ಬರೆದಿಟ್ಟುಕೊಳ್ಳುವ ನೋಂದಣಿ ಕಚೇರಿಗೆ. ಡಾಕ್ಟರಿಗೆ ತಮ್ಮ ಇಂಗ್ಲಿಷಿಗಿಂತ ಕನ್ನಡದ ಮೇಲೆ ಅಭಿಮಾನ ಜಾಸ್ತಿಯಾದ್ದರಿಂದ 'ಇರುವುದಿಲ್ಲ' ಎಂಬುದರ ಕೆಳಗೆ ಗೆರೆ ಬೇರೆ ಎಳೆದಿದ್ದರು.

ಮುಂದಿನ ಮಂಗಳವಾರ ಒಬ್ಬ ಗಂಡಸು ಬಂದ. ಕಾರ್ಖಾನೆಯ ಖಾಕಿ ಅಂಗಿ, ಕುಲುಮೆಯ ಮುಂದೆ ನಿಂತೂ ನಿಂತೂ ಇದ್ದಿಲಾದ ಮುಖ. ಹೆಸರು ವೆಂಕಟಾಚಲ, ಮನೆ ಭದ್ರಾವತಿಯ ಜನ್ನಾಪುರ. ಕೈಯಲ್ಲಿ ಕಚೇರಿಯ ನೋಟಿಸು ಇತ್ತು.

"ನಮ್ಮಕ್ಕ ಬಂದೇ ಇಲ್ಲ ಅಂತ ಬರೆದಿದೀರಂತೆ ಡಾಕ್ಟ್ರೇ. ಪ್ರತಿ ಮಂಗಳವಾರ ನಾನೇ ಕೈಯಾರೆ ಬಸ್ ಹತ್ತಿಸ್ತೀನಿ."

"ಹತ್ತಿಸಿರ್ತೀಯ ಮಾರಾಯ. ಅವರು ಇಳಿದಿಲ್ಲ," ಎಂದರು ಡಾಕ್ಟರು. ಈ ಮಾತು ಅವರಿಗೇ ತುಂಬ ಹಿಡಿಸಿತು.

ವೆಂಕಟಾಚಲ ಬಾಗಿಲ ಕಡೆ ತೋರಿಸಿದ. "ಅಲ್ಲೇ ಕೂತಿದಾಳಲ್ಲ. ಆಗಲೇ ನಿಮ್ಮ ಊಟದ ಕ್ಯಾರಿಯರ್ ತೊಳೀತಿದ್ಲು. ಈಗ ಒರೆಸ್ತಿದಾಳೆ."

ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸು ಕ್ಯಾರಿಯರಿನ ಮೂರನೆಯ ಡಬ್ಬಿಯನ್ನು ಒರೆಸುತ್ತಿದ್ದರು. ನಾಲ್ಕು ವಾರದಿಂದ ಅವರು ಅಲ್ಲೇ ಕೂರುತ್ತಿದ್ದರು. ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಚೌಡಪ್ಪ ಗುಡಿಸಲಿಕ್ಕೆ ಗೊತ್ತುಮಾಡಿದ ಹೆಂಗಸು ಎಂದು ಡಾಕ್ಟರು ತಿಳಿದಿದ್ದರು. ಡಾಕ್ಟರು ಗೊತ್ತುಮಾಡಿದ್ದಾರೆ ಎಂದು ಚೌಡಪ್ಪ ತಿಳಿದಿದ್ದ. ಕ್ಯಾರಿಯರ್ ಕೊಟ್ಟರೆ ಆಕೆ ತೊಳೆಯುತ್ತಿದ್ದರು, ಪೊರಕೆ ಕೊಟ್ಟರೆ ಗುಡಿಸುತ್ತಿದ್ದರು, ಕಾಗದ ಕೊಟ್ಟರೆ ಡಬ್ಬಿಗೆ ಹಾಕುತ್ತಿದ್ದರು. ಅದನ್ನು ಓದಬಹುದಿತ್ತಲ್ಲ ಎಂದರೆ, ಆಡುವ ಕನ್ನಡ ಅವರಿಗೆ ಅಷ್ಟಿಷ್ಟು ತಿಳಿಯುತ್ತಿತ್ತು, ಓದಲು ಬರುತ್ತಿದ್ದದ್ದು ತಮಿಳಿನ ಅಕ್ಷರ ಮಾತ್ರ.

ಚೌಡಪ್ಪ ಎಂದರೆ ಕ್ಲಿನಿಕ್ಕಿನ ಕಾಂಪೌಂಡರು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸಿನ ಏಜೆಂಟಾಗಿ ಭದ್ರಾವತಿ, ತರೀಕೆರೆ, ಬೀರೂರು, ಕಡೂರು ಎಂದು ಕೂಗಿದವನು. ಆ ಗಂಟಲನ್ನು ಅವನು ಹಾಗೇ ಕ್ಲಿನಿಕ್ಕಿಗೆ ತಂದಿದ್ದ. ರೋಗಿಯ ಹೆಸರು ಕೂಗಿದರೆ ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಗಾಜು ಅದುರುತ್ತಿತ್ತು.

ಆ ಕನ್ನಡಕದ ಅಂಗಡಿಯ ವಿಷಯವನ್ನೂ ಹೇಳಬೇಕು. ತಲೆಯ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ ಎಂದು ನಾಲ್ಕು ಜನಕ್ಕೆ ಗೊತ್ತಾಗುವುದು ಆಗಲೂ ಯಾರಿಗೂ ಬೇಡವಾಗಿತ್ತು. ಬಂದವರು ಮೊದಲು ಕನ್ನಡಕ ನೋಡುವವರಂತೆ ಅಂಗಡಿಗೆ ನುಗ್ಗಿ, ಒಂದೆರಡು ಫ್ರೇಮು ಮೂಗಿಗೆ ಏರಿಸಿ, ಹಿಂದಿನ ಮೆಟ್ಟಿಲಿನಿಂದ ಮೇಲೆ ಬರುತ್ತಿದ್ದರು. ಸಂಕೋಚಕ್ಕೆ ಕನ್ನಡಕ ಕೊಂಡುಕೊಂಡವರೂ ಇದ್ದರು. ಹೀಗೆ ಗುಟ್ಟಾಗಿ ಮೇಲೆ ಬಂದವರ ಹೆಸರನ್ನು ಚೌಡಪ್ಪ ಇಡೀ ದುರ್ಗಿಗುಡಿಗೆ ಕೇಳುವಂತೆ ಕೂಗುತ್ತಿದ್ದ. ಆದ್ದರಿಂದ ಎಲ್ಲರೂ ಸುಳ್ಳು ಹೆಸರು ಬರೆಸುತ್ತಿದ್ದರು. ಒಂದು ಸೋಮವಾರ ಹನ್ನೊಂದು ಜನ ಮಂಜುನಾಥರು ಬಂದಿದ್ದರು. ಡಾಕ್ಟರು ಅದನ್ನು ಆ ವಾರದ ವಿಶೇಷ ಎಂದುಕೊಂಡರೇ ಹೊರತು ಏಕೆ ಎಂದು ಯೋಚಿಸಲಿಲ್ಲ. ಸರಸ್ವತಿ ಎಂದು ನಾಲ್ಕು ಮಂಗಳವಾರವೂ ಮೂರು ಮೂರು ಸಲ ಕೂಗಲಾಗಿತ್ತು, ಯಾರೂ ಎದ್ದಿರಲಿಲ್ಲ, ಪುಸ್ತಕದಲ್ಲಿ ಗೈರುಹಾಜರು ಎಂದು ಬರೆಯಲಾಗಿತ್ತು. ಅಷ್ಟೇ.

ನೋಟಿಸನ್ನು ಡಾಕ್ಟರು ಎರಡು ಸಲ ಓದಿದರು. ಆಗಸ್ಟ್ 24, ಸೋಮವಾರ, ಹೆಸರು ಕರೆದಾಗ ಹಾಜರಾಗಿ ಉತ್ತರ ಕೊಟ್ಟು ಸಹಿ ಮಾಡತಕ್ಕದ್ದು. ತಪ್ಪಿದಲ್ಲಿ ತಮಿಳುನಾಡಿನ ನಿರಾಶ್ರಿತರ ಶಿಬಿರಕ್ಕೆ ವಾಪಸು ಕಳಿಸಲಾಗುವುದು. ಇದಕ್ಕೆ ಮೊದಲೇ ಎರಡು ಸಲ ಆಕೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದೂ ಕರೆದಾಗ ಎದ್ದಿರಲಿಲ್ಲವಂತೆ. ತಲೆ ಸರಿ ಇದೆಯೋ ಇಲ್ಲವೋ ನೋಡಿ ಎಂದು ಅವರು ಡಾಕ್ಟರ ಹತ್ತಿರ ಕಳಿಸಿದ್ದು ಅದಕ್ಕೇ. ಡಾಕ್ಟರು ಗೆರೆ ಎಳೆದು ಉತ್ತರ ಬರೆದಿದ್ದರು.

"ಶಿಬಿರಕ್ಕೆ ಹೋದ್ರೆ ಇವಳು ಉಳಿಯಲ್ಲ ಡಾಕ್ಟ್ರೇ," ಎಂದ ವೆಂಕಟಾಚಲ. "ಅಲ್ಲಿ ಅಕ್ಕಿ ಕೊಡೋದೂ ಹೆಸರು ಕೂಗಿ. ಇವಳು ಏಳಲ್ಲ. ಅಕ್ಕಪಕ್ಕದವರು ತಟ್ಟೇಲಿ ಮಿಕ್ಕಿದ್ದು ಕೊಟ್ರೆ ತಿಂದಿದಾಳೆ, ಇಲ್ದಿದ್ರೆ ಇಲ್ಲ. ನಾನು ಹೋಗಿ ಕರ್ಕೊಂಡು ಬರೋವಾಗ ಮೂವತ್ತೊಂದು ಕೆಜಿ ಇದ್ಲು. ಮೂಟೆ ಥರ ಎತ್ಕೊಂಡು ರೈಲು ಹತ್ತಿಸ್ದೆ."

ಅಕ್ಕ ತಮ್ಮ ಹುಟ್ಟಿದ್ದು ಸಿಂಹಳದ ಗುಡ್ಡದ ಮೇಲಿನ ಟೀ ತೋಟದ ಲೈನ್ ಮನೆಯಲ್ಲಿ. ಎಪ್ಪತ್ತರ ದಶಕದಲ್ಲಿ ಎರಡು ಸರ್ಕಾರಗಳು ಸೇರಿ ತೋಟದ ಜನರನ್ನು ನಿಮ್ಮವರು ಇಷ್ಟು, ನಮ್ಮವರು ಇಷ್ಟು ಎಂದು ಹಂಚಿಕೊಂಡಾಗ ತಮ್ಮ ಹಡಗು ಹತ್ತಿ ಈ ಕಡೆ ಬಂದ. ಅಕ್ಕನಿಗೆ ಆಗಲೇ ಮದುವೆಯಾಗಿತ್ತು, ಅಲ್ಲೇ ಉಳಿದಳು. ತಮ್ಮ ನೆಂಟರ ಬಾಲ ಹಿಡಿದು ಭದ್ರಾವತಿಗೆ ಬಂದು, ಕಾರ್ಖಾನೆ ಸೇರಿ, ಹೊಳಲೂರಿನ ನಂಜಮ್ಮನನ್ನು ಮೆಚ್ಚಿ ಮದುವೆಯಾಗಿ, ಊರಿನವನೇ ಆಗಿಬಿಟ್ಟ. ಅಕ್ಕ ಹದಿನೈದು ವರ್ಷದ ನಂತರ ದೋಣಿಯಲ್ಲಿ ಬಂದಳು. ಗಂಡ ಮತ್ತು ಹತ್ತೊಂಬತ್ತು ವರ್ಷದ ಮಗ ಬರಲಿಲ್ಲ. ವೆಂಕಟಾಚಲನಿಗೆ ಗೊತ್ತಿದ್ದದ್ದು ಇಷ್ಟೇ. ಅವನು ಕೇಳಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲ ಎಂದ.

ಡಾಕ್ಟರಿಗೆ ಧೈರ್ಯವಿತ್ತು. ಓದು ಕಡಿಮೆ ಇದ್ದಾಗ ಅದು ಜಾಸ್ತಿ ಇರುತ್ತದೆ. ಯುದ್ಧ, ಹಿಂಸೆಯಿಂದ ಪಾರಾಗಿ ಬಂದವರ ಬಗ್ಗೆ ಅವರ ಪಠ್ಯಪುಸ್ತಕದಲ್ಲಿ ಒಂದೂವರೆ ಪುಟವಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಅವರು ಆ ಒಂದೂವರೆ ಪುಟವನ್ನು ಬಿಟ್ಟಿದ್ದರು. ನೆನಪಿದ್ದದ್ದು ಬೇರೆ ಯಾವುದೋ ಪಾಠದ ಒಂದು ಮಾತು: ಒಳಗಿರುವುದನ್ನು ಹೊರಗೆ ಹಾಕಿಸಿದರೆ ಹಗುರವಾಗುತ್ತದೆ. ವಾಂತಿ ಮಾಡಿಸಲು ಔಷಧ ಕೊಡುವ ಹುಮ್ಮಸ್ಸಿನಲ್ಲಿ ಅವರು ಸರಸ್ವತಿಯವರನ್ನು ಒಳಗೆ ಕೂರಿಸಿ, ಯಾರಿಗೂ ಕೇಳಿಸದಿರಲೆಂದು ಬಾಗಿಲ ಅಗುಳಿ ಹಾಕಿ, ತಮ್ಮನನ್ನು ದುಭಾಷಿ ಮಾಡಿಕೊಂಡು, ನಡೆದದ್ದೆಲ್ಲ ಮೊದಲಿಂದ ಹೇಳಿ ಎಂದರು.

ಸರಸ್ವತಿಯವರು ಅಗುಳಿಯನ್ನು ನೋಡಿದರು. ಆಮೇಲೆ ಫ್ಯಾನನ್ನು ನೋಡಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಫಾರಂ ತುಂಬಿಸುವಾಗ ಹೇಳುತ್ತೇವಲ್ಲ, ಹಾಗೆ. ಗಂಡ? ಕರೆದುಕೊಂಡು ಹೋದರು. ಮಗ? ಕರೆದುಕೊಂಡು ಹೋದರು. ಯಾರು? ಬಂದೂಕಿನವರು. ನಿದ್ದೆ? ಇಲ್ಲ. ಹಸಿವು? ಕೊಟ್ಟರೆ ತಿನ್ನುತ್ತೇನೆ. ರುಚಿ? ಗೊತ್ತಾಗುವುದಿಲ್ಲ. ಅಳು ಬರುತ್ತದೆಯೇ? ಇಲ್ಲ. ಒಂದು ಸಲವೂ? ಇಲ್ಲ. ತರ್ಜುಮೆ ಮಾಡುತ್ತಿದ್ದ ವೆಂಕಟಾಚಲ ಐದನೆಯ ಪ್ರಶ್ನೆಯ ಹೊತ್ತಿಗೆ ಬಿಕ್ಕಿ ಬಿಕ್ಕಿ ಅಳತೊಡಗಿದ. ಅಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿ ಡಾಕ್ಟರಿಗೆ ಏನೋ ಹೇಳಿದರು.

"ಏನಂತೆ?" ಎಂದರು ಡಾಕ್ಟರು.

ವೆಂಕಟಾಚಲ ಮೂಗು ಒರೆಸಿಕೊಂಡ. "ಇವನಿಗೆ ಏನಾದ್ರೂ ಔಷಧಿ ಕೊಡಿ ಅಂತಿದಾಳೆ."

ಕಾರ್ಖಾನೆಯ ಸೈರನ್ ಮೇಲೆ ಡಾಕ್ಟರಿಗೆ ದೊಡ್ಡ ಭರವಸೆ ಇತ್ತು. ಅದು ಪಾಳಿ ಬದಲಾಗುವಾಗಲೆಲ್ಲ ಕೂಗುತ್ತದೆ, ಜನ್ನಾಪುರದವರೆಗೂ ಕೇಳುತ್ತದೆ. ಯುದ್ಧ ಕಂಡು ಬಂದವರು ಅದಕ್ಕೆ ಬೆಚ್ಚಿಬೀಳಲೇಬೇಕು ಎಂದು ಅವರು ಮನಸ್ಸಿನಲ್ಲೇ ಒಂದು ಪ್ರಬಂಧ ಬರೆಯಲು ಶುರು ಮಾಡಿದ್ದರು. ಸೈರನ್ ಕೇಳಿದರೆ ಏನಾಗುತ್ತದೆ ಎಂದು ಆಸೆಯಿಂದ ಕೇಳಿದರು. ಏನೂ ಆಗುವುದಿಲ್ಲ, ಅದು ಕೂಗಿದಾಗ ಒಳಗೆ ಹೋದವರು ಮತ್ತೆ ಕೂಗಿದಾಗ ಹೊರಗೆ ಬರುತ್ತಾರೆ ಎಂದರು ಸರಸ್ವತಿಯವರು. ಪ್ರಬಂಧ ಅಲ್ಲಿಗೇ ನಿಂತಿತು.

ಇನ್ನುಳಿದದ್ದು ನಾಲ್ಕು ಮಂಗಳವಾರ. ಕಳಿಸಿದ ಕಾಗದವನ್ನು ಹಿಂದೆ ಪಡೆಯಲು ಡಾಕ್ಟರು ಕಚೇರಿಗೆ ಇನ್ನೊಂದು ಕಾಗದ ಬರೆದರು. ಬಂದಿದ್ದರು, ತಪ್ಪು ನಮ್ಮದು, ನಾವು ಗುರುತಿಸಲಿಲ್ಲ ಎಂದು. ಕಚೇರಿಯವರು ಉತ್ತರಿಸಿದರು: ಅದು ಸರಿ, 24ಕ್ಕೆ ಹೆಸರು ಕರೆದಾಗ ಎದ್ದು ಉತ್ತರ ಕೊಡಲಿ, ನಮಗೆ ಅಷ್ಟೇ ಬೇಕಾದದ್ದು. ನ್ಯಾಯವಾದ ಮಾತು. ಒಬ್ಬ ಮನುಷ್ಯ ತನ್ನ ಹೆಸರಿಗೆ 'ಇದ್ದೇನೆ' ಎನ್ನುವಂತೆ ಮಾಡಲಾಗದ ಮನೋವೈದ್ಯ ಇದ್ದೂ ಏನು ಪ್ರಯೋಜನ ಎಂದು ಡಾಕ್ಟರಿಗೇ ಅನ್ನಿಸಿತು.

ಮೊದಲು ಕಿವಿ ಪರೀಕ್ಷೆಯಾಯಿತು. ಮೂರು ಮನೆಯಾಚೆಯ ಕುಕ್ಕರಿನ ಸೀಟಿ ಎಷ್ಟಾಯಿತೆಂದು ಆಕೆ ಸರಿಯಾಗಿ ಹೇಳಿದರು. ಆಮೇಲೆ ಅಭ್ಯಾಸ ಶುರುವಾಯಿತು. ಚೌಡಪ್ಪ ಡಾಕ್ಟರ ಕುರ್ಚಿಯಲ್ಲಿ ಕೂತು ಅಧಿಕಾರಿಯಾದ. ಆ ಪಾತ್ರ ಅವನಿಗೆ ಎಷ್ಟು ಒಪ್ಪಿತೆಂದರೆ ಡಾಕ್ಟರನ್ನೇ ಎರಡು ಸಲ ಹೊರಗೆ ನಿಲ್ಲಲು ಹೇಳಿದ. ಡಾಕ್ಟರು ಬೆಂಚಿನ ಮೇಲೆ ಸರಸ್ವತಿಯವರ ಪಕ್ಕ ಕೂತು, ಶಾಲೆಯಲ್ಲಿ ಹಾಜರಿ ಹೇಳುವಂತೆ ಕೈಯೆತ್ತಿ ಎದ್ದು ಕೂತು ಎದ್ದು ತೋರಿಸಿದರು. ನಲವತ್ತೆಂಟು ವರ್ಷದ ಮೊಣಕಾಲು. ಎದುರಿಗಿದ್ದ ರೋಗಿಗಳು ಡಾಕ್ಟರ ಸ್ಥಿತಿ ಕಂಡು ಮರುಗಿದರು.

ಚೌಡಪ್ಪ ಕಾಗದ ನೋಡಿಕೊಂಡು ಕೂಗಿದ. "ಸರಸ್ವತೀ..."

ಆಕೆಯ ಕೈ ಎರಡೂ ಮೊಣಕಾಲ ಮೇಲೆ ಬಂದು ಕೂತವು. ಕಣ್ಣು ನೆಲಕ್ಕೆ ಹೋಯಿತು. ಹೆದರಿದ್ದು ಎಂದು ಹೇಳುವಂತಿರಲಿಲ್ಲ. ಬೆವರಲಿಲ್ಲ, ನಡುಗಲಿಲ್ಲ. ದೀಪ ಆರಿಸಿದ ಕೋಣೆಯ ಥರ ಆದರು. ಎರಡನೆಯ ಸಲ ಕೂಗಿದಾಗಲೂ ಹಾಗೇ. ಮೂರನೆಯ ಸಲಕ್ಕೆ ಡಾಕ್ಟರು ಬಗ್ಗಿ ನೋಡಿದರೆ ಉಸಿರು ಆಡುತ್ತಿದೆಯೋ ಇಲ್ಲವೋ ಅನುಮಾನವಾಯಿತು. ಕಾಲು ಗಂಟೆಯ ಮೇಲೆ ತಾವಾಗಿಯೇ ಎದ್ದು, ಕ್ಯಾರಿಯರ್ ತೆಗೆದುಕೊಂಡು ನಲ್ಲಿಯ ಕಡೆ ಹೋದರು. ಅಷ್ಟರಲ್ಲಾಗಲೇ ಕ್ಯಾರಿಯರನ್ನು ಅವರ ಕೈಗೆ ಕೊಡುವುದನ್ನು ಡಾಕ್ಟರು ನಿಲ್ಲಿಸಿದ್ದರು. ಅವರೇ ತೆಗೆದುಕೊಳ್ಳುತ್ತಿದ್ದರು. ಎರಡು ಮಂಗಳವಾರ ಹೀಗೆ ಕಳೆದವು.

ಮೂರನೆಯ ಮಂಗಳವಾರ ವೆಂಕಟಾಚಲನಿಗೆ ಬೆಳಗಿನ ಪಾಳಿ. ಗಂಡನ ಅಕ್ಕನ ಜೊತೆ, ಮದುವೆಯಾದ ಮೇಲೆ ಅಷ್ಟಿಷ್ಟು ತಮಿಳು ಕಲಿತಿದ್ದ ನಂಜಮ್ಮ ಬಂದಳು. ಬಸ್ಸಿನಲ್ಲೂ ಬಾಯಿ ಮುಚ್ಚದ, ಆಸ್ಪತ್ರೆಯಲ್ಲೂ ಹಪ್ಪಳದ ಲೆಕ್ಕ ಹೇಳುವ ಹೆಂಗಸು. ಅಂದು ಮಾತ್ರ ಒಳಗೆ ಬಂದು ಸುಮ್ಮನೆ ನಿಂತಳು. ಚೌಡಪ್ಪ ಅಧಿಕಾರಿಯ ಕುರ್ಚಿ ಒರೆಸಿಕೊಳ್ಳುತ್ತಿದ್ದ.

"ಅದನ್ನ ನಿಲ್ಸಿ ಡಾಕ್ಟ್ರೇ," ಎಂದಳು. "ಮೊನ್ನೆ ಹುರುಳೀಕಾಯಿ ಹೆಚ್ಚುತಾ ಇದ್ದಾಗ ಅವರಾಗೇ ಹೇಳಿದ್ರು. ನಾನು ಕೇಳ್ಲಿಲ್ಲ."

ಅವಳು ಹೇಳಿದ್ದು ಇಷ್ಟು. ಊರಿನವರೆಲ್ಲ ಹೆದರಿ ಒಂದು ಶಾಲೆಯಲ್ಲಿ ಸೇರಿದ್ದರು. ಮೂರನೆಯ ದಿನ ಬಂದೂಕಿನವರು ಒಂದು ಪಟ್ಟಿ ಹಿಡಿದು ಬಂದರು. ಬೆಂಚಿನ ಮೇಲೆ ಎಲ್ಲರನ್ನೂ ಕೂರಿಸಿ, ಹೆಸರು ಓದಿದರು. ಹೆಸರಿಗೆ ಎದ್ದವರನ್ನು ಲಾರಿ ಹತ್ತಿಸಿದರು. ಗಂಡ ಬೇರೊಂದು ಶಾಲೆಯಲ್ಲಿ ಜವಾನನಾಗಿದ್ದವನು, ಗಂಟೆ ಹೊಡೆದು ಹೊಡೆದು ಹೇಳಿದ ಮಾತು ಕೇಳುವ ಮನುಷ್ಯ. ಮೊದಲನೆಯವನಾಗಿ ಎದ್ದ. ಅಪ್ಪ ಎದ್ದನೆಂದು ಮಗ ಎದ್ದ. ಆಮೇಲೆ ಸರಸ್ವತಿ ಎಂದು ಓದಿದರು. ಮೂರು ಸಲ ಓದಿದರು. ಆಕೆ ಏಳಲಿಲ್ಲ. ಬಂದೂಕಿನವರಿಗೆ ಅಲ್ಲಿ ಯಾರ ಮುಖವೂ ಗೊತ್ತಿರಲಿಲ್ಲ. ಇಲ್ಲವೆಂದು ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು. ಎದ್ದವರು ಯಾರೂ ವಾಪಸು ಬರಲಿಲ್ಲ.

"ಹುರುಳೀಕಾಯಿ ನಾರು ತೆಗೀತಾನೇ ಹೇಳಿದ್ರು," ಎಂದಳು ನಂಜಮ್ಮ. "ಒಂದು ಕಾಯೂ ಬಿಡ್ಲಿಲ್ಲ."

ಎರಡು ವಾರದಿಂದ ಡಾಕ್ಟರು ವಾಸಿಮಾಡಲು ಹೊರಟಿದ್ದದ್ದು ಕಾಯಿಲೆಯನ್ನಲ್ಲ. ಆಕೆಯನ್ನು ಬದುಕಿಸಿದ್ದ ಒಂದೇ ಒಂದು ಅಭ್ಯಾಸವನ್ನು. ಅದನ್ನು ಬಿಡಿಸಲು ಪಟ್ಟಿ ಹಿಡಿದವನನ್ನು ಕುರ್ಚಿಯಲ್ಲಿ ಕೂರಿಸಿ, ಬೆಂಚು ಹಾಕಿ, ಮೂರು ಮೂರು ಸಲ ಕೂಗಿಸಿದ್ದರು. ಇದಕ್ಕೆ ತಾವು ಇಂಗ್ಲಿಷಿನಲ್ಲಿ ಏನು ಹೆಸರು ಬರೆದಿದ್ದೇವೆ ಎಂದು ಫೈಲು ತೆಗೆದು ನೋಡಿ, ಮುಚ್ಚಿದರು.

ಅಂದು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಹೆಸರು ಕೂಗುವುದು ನಿಂತಿತು. ಚೌಡಪ್ಪನಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಇಷ್ಟು ವರ್ಷ ಸಾಕಿದ ಗಂಟಲನ್ನು ಏನು ಮಾಡಲಿ ಎಂದು ಕೇಳಿದ. ಆದರೆ ಬಸ್ಸಿನ ಏಜೆಂಟನಿಗೆ ಗೊತ್ತಿರುವ ಒಂದು ಸಂಗತಿ ವೈದ್ಯಶಾಸ್ತ್ರದಲ್ಲಿ ಇರಲಿಲ್ಲ. ಬಸ್ ಹತ್ತುವವನಿಗೆ ಬೇಕಾದದ್ದು ಅವನ ಹೆಸರಲ್ಲ, ಬಸ್ ಎಲ್ಲಿಗೆ, ಎಷ್ಟು ಹೊತ್ತಿಗೆ, ವಾಪಸು ಯಾವಾಗ ಎನ್ನುವುದು. ಅವನು ದೂರದಿಂದಲೇ ಕಾಣುವ ಹಾಗೆ, ಎದುರಿನಿಂದ, ನಿಧಾನವಾಗಿ ನಡೆದು ಬಂದು, ಎರಡು ಮಾರು ಈಚೆ ನಿಂತು, ಮಾಮೂಲಿ ದನಿಯಲ್ಲಿ ಹೇಳಿದ:

"ಅಕ್ಕಾ, ಊಟ ಆಯ್ತಾ? ಒಳಗೆ ಡಾಕ್ಟ್ರ ಹತ್ರ ಹತ್ತು ನಿಮಿಷ. ಬಾಗಿಲು ತೆಗೆದೇ ಇರುತ್ತೆ. ಆಮೇಲೆ ನಾಲ್ಕೂವರೆ ಬಸ್ಸಿಗೆ ಜನ್ನಾಪುರ."

ಸರಸ್ವತಿಯವರು ಎದ್ದರು. ಒಳಗೆ ಬಂದು ಕೂತರು. ಹತ್ತು ನಿಮಿಷಕ್ಕೆ ಎದ್ದು ಹೋದರು. ಡಾಕ್ಟರು ಆ ಹತ್ತು ನಿಮಿಷದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು, ಕುರ್ಚಿ ಎಲ್ಲಿ ಹಾಕಲಿ ಎಂದು. ಬಾಗಿಲು ಕಾಣುವ ಹಾಗೆ ಎಂದರು ಆಕೆ. ಸಂಜೆ ಚೌಡಪ್ಪ ಬಾಗಿಲ ಅಗುಳಿಯನ್ನೇ ಬಿಚ್ಚಿ ಡ್ರಾಯರಿಗೆ ಹಾಕಿದ.

ಇದರಿಂದ ಡಾಕ್ಟರು ಎಣಿಸದೇ ಇದ್ದ ಒಂದು ಲಾಭವಾಯಿತು. ಹೆಸರು ಕೂಗುವುದಿಲ್ಲ ಎಂದು ಗೊತ್ತಾದ ಮೇಲೆ ರೋಗಿಗಳು ನಿಜವಾದ ಹೆಸರು ಬರೆಸತೊಡಗಿದರು. ಹನ್ನೊಂದು ಜನ ಮಂಜುನಾಥರಲ್ಲಿ ಒಬ್ಬರು ಡಾಕ್ಟರ ಹೆಂಡತಿಯ ಸೋದರಮಾವ ಎಂದು ಬೆಳಕಿಗೆ ಬಂತು.

ಆದರೆ ಕಚೇರಿ ಕ್ಲಿನಿಕ್ ಅಲ್ಲವಲ್ಲ. ಆಗಸ್ಟ್ 24ರ ಬೆಳಿಗ್ಗೆ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಪುಟದ ಪತ್ರ ಹಿಡಿದು ಅಲ್ಲಿಗೆ ಹೋದರು. ಜೊತೆಗೆ ಸರಸ್ವತಿಯವರು, ವೆಂಕಟಾಚಲ, ಮತ್ತು ಯಾರೂ ಕರೆಯದೆಯೇ ಬಂದಿದ್ದ ಚೌಡಪ್ಪ. ಉದ್ದನೆಯ ಹಜಾರ, ಗೋಡೆಯುದ್ದಕ್ಕೂ ಬೆಂಚು, ಕೊನೆಯಲ್ಲಿ ಮೇಜಿನ ಹಿಂದೆ ಅಧಿಕಾರಿ. ಪಕ್ಕದಲ್ಲಿ ಪಟ್ಟಿ ಹಿಡಿದ ಜವಾನ. ಇದಕ್ಕಿಂತ ಚೆನ್ನಾಗಿ ಆ ಶಾಲೆಯನ್ನು ಕಟ್ಟಿ ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಅಧಿಕಾರಿ ಕೆಟ್ಟವರೇನಲ್ಲ. ಪತ್ರವನ್ನು ಪೂರ್ತಿ ಓದಿದರು. ಓದಿ, ಇವರ ಹತ್ತಿರ ನಡೆದು ಹೋಗಿ ಹೇಳಿ ಎಂದು ಬರೆದಿದ್ದೀರಲ್ಲ, ಕುರ್ಚಿಯಲ್ಲಿ ಕೂತ ಅಧಿಕಾರಿ ಎದ್ದು ಬೆಂಚಿನ ಹತ್ತಿರ ಹೋಗುವ ಪದ್ಧತಿ ಯಾವ ಪುಸ್ತಕದಲ್ಲಿದೆ ತೋರಿಸಿ ಎಂದರು. ಕರೆದಾಗ ಹಾಜರಾಗತಕ್ಕದ್ದು ಎಂದಿದೆ, ಕರೆಯುತ್ತೇವೆ, ಹಾಜರಾಗಲಿ. ಡಾಕ್ಟರು ವಾದಿಸಿದರು. ಅಧಿಕಾರಿ, ಮೊದಲು ನೀವು ಹೋಗಿ ಕೂತುಕೊಳ್ಳಿ, ಕರೆಯುತ್ತೇವೆ ಎಂದರು. ಡಾಕ್ಟರು ಹೋಗಿ ಸರಸ್ವತಿಯವರ ಪಕ್ಕ ಕೂತರು.

ಮುಕ್ಕಾಲು ಗಂಟೆಯ ಮೇಲೆ ಜವಾನ ಪಟ್ಟಿಯಿಂದ ತಲೆಯೆತ್ತಿ ಕೂಗಿದ. "ತ್ರಿವಿಕ್ರಮ!"

ಡಾಕ್ಟರು ಚಂಗನೆ ಎದ್ದು ನಿಂತರು. "ಸಾರ್" ಎಂದೂ ಅಂದರು. ಕೈ ಅರ್ಧ ಮೇಲೆ ಹೋಗಿತ್ತು. ವೈದ್ಯರ ಸಾಕ್ಷಿಯಾಗಿ ಒಂದು ಸಹಿ ಬೇಕಾಗಿತ್ತು, ಅಷ್ಟೇ. ಮೇಜಿನವರೆಗೆ ನಡೆಯುವಾಗ ಅವರಿಗೆ ತಮ್ಮ ಕಾಲು ತಾವು ಹೇಳದೆಯೇ ಎದ್ದಿತ್ತೆನ್ನುವುದು ಗೊತ್ತಾಯಿತು. ಎಲ್ಲಿಗೆ, ಏಕೆ, ಯಾರು ಕರೆದರು, ಒಂದನ್ನೂ ಕೇಳಿರಲಿಲ್ಲ. ನಲವತ್ತೆಂಟು ವರ್ಷ ಹೀಗೇ ಎದ್ದಿದ್ದರು, ಎದ್ದಾಗಲೆಲ್ಲ ವಾಪಸು ಬಂದು ಕೂತಿದ್ದರು. ಗಂಟೆ ಹೊಡೆಯುತ್ತಿದ್ದ ಸರಸ್ವತಿಯವರ ಗಂಡನಂಥವರೇ ತಾವೂ. ಆ ಶಾಲೆಯಲ್ಲಿ ಇದ್ದಿದ್ದರೆ ತಾವೇ ಮೊದಲನೆಯವರಾಗಿ ಎದ್ದಿರುತ್ತಿದ್ದರು. ಸಹಿ ಹಾಕುವಾಗ ತಮ್ಮ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟರು. ಜವಾನ ಬೆರಳಿಟ್ಟು ತೋರಿಸಿದ.

"ಸರಸ್ವತಿ!"

ಬೆಂಚಿನ ಮೇಲೆ ಕೈಗಳು ಮೊಣಕಾಲಿಗೆ ಬಂದವು. ಕಣ್ಣು ನೆಲಕ್ಕೆ ಹೋಯಿತು. ವೆಂಕಟಾಚಲ ಅಕ್ಕನ ಭುಜ ಅಲುಗಿಸಲು ಹೋದ, ಡಾಕ್ಟರು ಬೇಡ ಎಂದು ಕೈಸನ್ನೆ ಮಾಡಿದರು. ಎರಡನೆಯ ಸಲ ಕೂಗಿದ. ಹಜಾರದಲ್ಲಿ ಎಲ್ಲರೂ ತಿರುಗಿ ನೋಡಿದರು. ಮೂರನೆಯ ಸಲ ಕೂಗಿದ. ಅಧಿಕಾರಿ ಡಾಕ್ಟರ ಕಡೆ ನೋಡಿ, ನಾನೇನು ಮಾಡಲಿ ಎನ್ನುವಂತೆ ಹುಬ್ಬೇರಿಸಿ, ಪೆನ್ನಿನ ಮುಚ್ಚಳ ತೆಗೆದರು.

ಗೋಡೆಗೆ ಒರಗಿದ್ದ ಚೌಡಪ್ಪ ಹೊರಟ. ಹಜಾರದ ನಟ್ಟನಡುವೆ, ಎದುರಿನಿಂದ ಕಾಣುವ ಹಾಗೆ, ಯಾವ ಅವಸರವೂ ಇಲ್ಲದೆ ನಡೆದ. ಎರಡು ಮಾರು ಈಚೆ ನಿಂತ.

"ಅಕ್ಕಾ, ತಿಂಡಿ ಆಗಿದ್ಯಲ್ಲ? ಅಗೋ, ಆ ಮೇಜಿನವರೆಗೆ. ಒಂದು ಸಹಿ. ಬಾಗಿಲು ಅಲ್ಲೇ ಎಡಕ್ಕಿದೆ, ತೆಗೆದೇ ಇದೆ. ಹನ್ನೆರಡೂ ಕಾಲಿಗೆ ಬಸ್ಸು, ಒಂದಕ್ಕೆಲ್ಲ ಜನ್ನಾಪುರ. ನಂಜಮ್ಮ ಅನ್ನಕ್ಕೆ ಇಟ್ಟಿರ್ತಾರೆ."

ಎಷ್ಟು ಹೊತ್ತಾಯಿತೋ. ಡಾಕ್ಟರಿಗೆ ಗಡಿಯಾರ ನೋಡುವ ಧೈರ್ಯವಾಗಲಿಲ್ಲ. ಸರಸ್ವತಿಯವರು ತಲೆಯೆತ್ತಿ ಮೊದಲು ಎಡಗಡೆಯ ಬಾಗಿಲನ್ನು ನೋಡಿದರು. ಆಮೇಲೆ ಮೇಜನ್ನು. ಎದ್ದರು. ನಡೆದು ಬಂದು, ಜವಾನ ತೋರಿಸಿದ ಜಾಗದಲ್ಲಿ ತಮಿಳಿನಲ್ಲಿ ದುಂಡಗೆ ಸಹಿ ಮಾಡಿದರು.

ಅಧಿಕಾರಿ ಪೆನ್ನು ಹಿಡಿದುಕೊಂಡೇ ಯೋಚಿಸಿದರು. ಇದು ಕರೆದಾಗ ಹಾಜರಾದದ್ದೋ ಅಲ್ಲವೋ ಎಂದು ಪುಸ್ತಕದಲ್ಲಿರಲಿಲ್ಲ. ಕೊನೆಗೆ ಹಾಜರು ಎಂದು ಬರೆದು, ಆರು ತಿಂಗಳಿಗೆ ಮೊಹರು ಒತ್ತಿದರು. ವೆಂಕಟಾಚಲ ಮತ್ತೆ ಅತ್ತ. ಅಕ್ಕ ಡಾಕ್ಟರ ಕಡೆ ನೋಡಿದರು, ಹೇಳಿದ್ದೆನಲ್ಲ ಎನ್ನುವ ಹಾಗೆ.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ಸರಸ್ವತಿಯವರು ಮಂಗಳವಾರ ಮಾತ್ರವಲ್ಲ, ದಿನವೂ ಕ್ಲಿನಿಕ್ಕಿಗೆ ಬರತೊಡಗಿದರು. ಏಕೆ ಎಂದು ಡಾಕ್ಟರು ಕೇಳಲಿಲ್ಲ, ಕೇಳಬಾರದೆಂಬುದನ್ನು ಕಲಿತಿದ್ದರು. ಚೌಡಪ್ಪ ಮಗಳ ಊರಿಗೆ ಹೋಗಿ ನೆಲೆಸಿದ ಮೇಲೆ ಅವನ ಸ್ಟೂಲು ಅವರದಾಯಿತು, ಎಲ್ಲರೂ ಸರಸ್ವತಮ್ಮ ಎನ್ನತೊಡಗಿದರು, ಕರೆಯುವಾಗ ಅಲ್ಲ, ಅವರ ಬಗ್ಗೆ ಮಾತಾಡುವಾಗ. ತಮಿಳು ಬೆರೆತ ಜನ್ನಾಪುರದ ಕನ್ನಡದಲ್ಲಿ, ಎರಡು ಮಾರು ಈಚೆ ನಿಂತು, ಊಟ ಆಯ್ತಾ, ಒಳಗೆ ಹತ್ತು ನಿಮಿಷ, ಬಾಗಿಲು ತೆಗೆದಿರುತ್ತೆ ಎನ್ನುತ್ತಿದ್ದರು. ಹೊಡೆತ ತಿಂದು ಬಂದ ಹೆಂಗಸರು, ಗಲಭೆಯಲ್ಲಿ ಅಂಗಡಿ ಸುಟ್ಟುಕೊಂಡು ಮಾತು ಬಿಟ್ಟವರು, ಯಾರ ಹಿಂದೆಯೂ ಏಳದವರು ಅವರ ಹಿಂದೆ ಎದ್ದು ಬರುತ್ತಿದ್ದರು. ಡಾಕ್ಟರು ಫೈಲಿನಲ್ಲಿ ಪ್ರತಿ ತಿಂಗಳೂ 'ಬದಲಾವಣೆ ಇಲ್ಲ' ಎಂದು ಬರೆದರು. ಆಕೆ ನಗಲಿಲ್ಲ, ಅಳಲಿಲ್ಲ. ನಿದ್ದೆ ಮೂರು ಗಂಟೆಯಿಂದ ನಾಲ್ಕಕ್ಕೆ ಬಂತು.

ಒಂದು ಸಲ ಮಾತ್ರ, 1996ರಲ್ಲಿ, ನಂಜಮ್ಮ ಸಿಟ್ಟಿನಿಂದ ಕ್ಲಿನಿಕ್ಕಿಗೆ ಬಂದಳು. ಇಷ್ಟು ವರ್ಷ ಹಾಕಿದ್ದನ್ನು ತಿಂದವರು ನಿನ್ನೆ ನನ್ನ ಸಾರಿಗೆ ಉಪ್ಪಿಲ್ಲ ಅಂದರು, ನೆಂಟರ ಎದುರಿಗೆ ಎಂದಳು. ಡಾಕ್ಟರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಉಪ್ಪಿಲ್ಲ ಅಂದರಾ, ಸರಿಯಾಗಿ ನೆನಪು ಮಾಡಿಕೊಂಡು ಹೇಳು ಎಂದು ಎರಡು ಸಲ ಕೇಳಿ, ಫೈಲು ತೆಗೆದು ಬರೆದು, ಕೆಳಗೆ ಗೆರೆ ಎಳೆದರು. ನಂಜಮ್ಮ ಆಮೇಲೆ ಒಂದು ವರ್ಷ ಡಾಕ್ಟರ ಹತ್ತಿರ ಮಾತಾಡಲಿಲ್ಲ.

ಆರು ತಿಂಗಳಿಗೊಮ್ಮೆ ಕಚೇರಿ ಇದ್ದೇ ಇತ್ತು. ಮೊಹರು ಬೀಳದಿದ್ದರೆ ಶಿಬಿರ ಎಂಬುದೂ ಹಾಗೇ ಇತ್ತು. ಎರಡನೆಯ ಸಲ ಜವಾನ ಒಂದೇ ಸಲ ಕೂಗಿ ಸುಮ್ಮನಾದ. ನಾಲ್ಕನೆಯ ಸಲ ಕೂಗದೆ ಚೌಡಪ್ಪನ ಕಡೆ ನೋಡಿದ. ಚೌಡಪ್ಪ ಊರು ಬಿಟ್ಟ ಮೇಲೆ ಜವಾನನೇ ನಡೆದು ಬಂದು, ಎರಡು ಮಾರು ಈಚೆ ನಿಂತು, ತಿಂಡಿ ಆಯ್ತಾ ಅಮ್ಮ ಎಂದು ಶುರು ಮಾಡಿದ.

1998ರ ಫೆಬ್ರವರಿಯಲ್ಲಿ ಬಂದಾಗ ಜವಾನ ರಜೆಯಲ್ಲಿದ್ದ. ಅಧಿಕಾರಿಗೆ ಅದು ನಿವೃತ್ತಿಯ ತಿಂಗಳು. ಅವರು ಸ್ವಲ್ಪ ಹೊತ್ತು ಪಟ್ಟಿ ನೋಡಿದರು, ಹಜಾರ ನೋಡಿದರು. ಆಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಕೆಲಸ ಮಾಡಿದರು. ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು, ಮಂಡಿ ನೋವಿನ ಕಾಲು ಎಳೆಯುತ್ತ ಬೆಂಚಿನವರೆಗೆ ನಡೆದು ಬಂದು, ಎರಡು ಮಾರು ಈಚೆ ನಿಂತರು. ಡಾಕ್ಟರು ಅಭ್ಯಾಸಬಲದಿಂದ ಎದ್ದು ನಿಂತರು. ಸರಸ್ವತಮ್ಮ ಕೂತೇ ಇದ್ದರು.

ಇಲ್ಲೇ ಸಹಿ ಮಾಡಬಹುದು, ಏಳುವುದು ಬೇಡ ಎಂದರು ಅಧಿಕಾರಿ. ಆಕೆ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದರು. ಅವರು ಹಾಜರು ಎಂದು ಬರೆದು, ಜೇಬಿನಿಂದ ಮೊಹರು ತೆಗೆದು ಅಲ್ಲೇ ಒತ್ತಿ, ಶಾಯಿ ಆರಲೆಂದು ಊದಿದರು. ಊದಿ ಮುಗಿದ ಮೇಲೂ ಹೋಗಲಿಲ್ಲ.

"ಒಂದು ಮಾತು ಕೇಳ್ಲಾ ಅಮ್ಮ?" ಎಂದರು. "ಮೊದಮೊದಲು ಬಂದಾಗ ಮೂರು ಮೂರು ಸಲ ಕೂಗಿಸ್ದೆ. ನಿಮ್ಮ ಹೆಸರೇ ಅದು. ನಿಮಗೆ ಕೇಳಿಸ್ತಾನೂ ಇತ್ತು. ಯಾಕೆ ಏಳ್ಲಿಲ್ಲ?"

ಸರಸ್ವತಮ್ಮ ಪೆನ್ನಿನ ಮುಚ್ಚಳ ಹಾಕಿ ಅವರ ಕೈಗೆ ಕೊಟ್ಟರು.

"ಎಲ್ಲಿಗೆ ಅಂತ ಹೇಳ್ಲಿಲ್ವಲ್ಲ ಸಾರ್."